ಬಾಲ್‌ಡೌರಿ ಮನೆಯ ಪಂಚಾಂಗ

ಮಾರ್ಜೊರಿ ಗಥ್ರಿ ನಮ್ಮ ಮೆಟ್ಟಿಲು ಹತ್ತಿ ಬಂದಾಗ ಗ್ರಿಜೆಲ್ ಮಾಂಕರ್ ತಮ್ಮ ನಶ್ಯದ ಕೊಂಬನ್ನು ತಲೆಕೆಳಗು ಮಾಡಿ ಅಂಗೈಗೆ ತಟ್ಟುತ್ತಿದ್ದರು. ಸಾವಿರದ ಏಳುನೂರ ಐವತ್ತನಾಲ್ಕನೆಯ ಇಸವಿ, ಜೂನ್ ಹತ್ತೊಂಬತ್ತರ ಬೆಳಗು ಅದು. ಹುಡುಗಿಯ ಸವಾರಿಯ ಉಡುಪಿಗೆ ಮೊಣಕಾಲಿನವರೆಗೂ ಕೆಸರು ಹತ್ತಿತ್ತು. ಹನ್ನೆರಡು ಮೈಲಿ ಒಬ್ಬಳೇ ಕುದುರೆ ಓಡಿಸಿಕೊಂಡು ಬಂದಿದ್ದಳು.

"ಚಿಕ್ಕಮ್ಮ, ನೀವು ಈಗಲೇ ಬಾಲ್‌ಡೌರಿಗೆ ಬರಬೇಕು. ನಾಡಿದ್ದು ಊಟದ ಹೊತ್ತಿಗೆ ಅಪ್ಪ ನಮ್ಮ ವಾಲ್ಟರ್‌ನ ಮನೆಯಿಂದ ಹೊರಗೆ ಹಾಕ್ತಾರೆ. ಐದು ಮನೆತನದವರ ಎದುರಿಗೆ."

"ಮೊದಲು ಕೂತ್ಕೊ. ಮೇಷ್ಟ್ರೇ, ಆ ಬೆಕ್ಕನ್ನ ಕುರ್ಚಿಯಿಂದ ಎಬ್ಬಿಸಿ. ಈಗ ಹೇಳು, ವಾಲ್ಟರ್ ಏನು ಮಾಡಿದ?"

"ಲಾರೆನ್ಸ್‌ನ ಹಿಡಿದುಕೊಟ್ಟಿದ್ದು ಅವನೇ ಅಂತಾರೆ."

ಗ್ರಿಜೆಲ್ ಕೊಂಬನ್ನು ಮೇಜಿನ ಮೇಲಿಟ್ಟರು. ನಶ್ಯವನ್ನು ಅರ್ಧದಲ್ಲಿ ಬಿಟ್ಟದ್ದನ್ನು ನಾನು ಅದಕ್ಕೆ ಮುಂಚೆ ಎರಡೇ ಸಲ ಕಂಡಿದ್ದೆ. ಎರಡು ಸಲವೂ ಅದರ ಕೊನೆಗೆ ಒಬ್ಬ ಅಪರಾಧಿ ಸಿಕ್ಕಿದ್ದ.

ನಾನು ಮಾಂಟ್ರೋಸ್ ಪಟ್ಟಣದಲ್ಲಿ ಇಪ್ಪತ್ತೆರಡು ವರ್ಷ ಲ್ಯಾಟಿನ್ ಕಲಿಸಿದವನು; ಹೆಸರು ಡೇವಿಡ್ ಟೋಷ್. ಲಂಡನ್ನಿನಲ್ಲಿ ಕುಳಿತ ಜರ್ಮನ್ ದೊರೆಯ ಹೆಸರಿನಲ್ಲಿ ಮಕ್ಕಳಿಂದ ಪ್ರಾರ್ಥನೆ ಹೇಳಿಸಲು ಒಪ್ಪದೆ ಶಾಲೆಯನ್ನು ಕಳೆದುಕೊಂಡ ಮೇಲೆ ಗ್ರಿಜೆಲ್ ಮಾಂಕರ್ ಅವರ ಮನೆಯ ಕೆಳಗಿನ ಕೋಣೆಯಲ್ಲಿ ನೆಲೆಸಿದೆ. ಅವರಿಗೆ ಆಗ ಅರವತ್ತಮೂರು. ಮದುವೆಯಾಗಿರಲಿಲ್ಲ. ಸಣ್ಣ ಅಕ್ಷರ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ಮನುಷ್ಯರು ಮಾತ್ರ ಬಹಳ ಸ್ಪಷ್ಟವಾಗಿ ಕಾಣುತ್ತಿದ್ದರು. ಸುತ್ತಣ ಜಮೀನ್ದಾರಿ ಮನೆಗಳಲ್ಲಿ ಸರ್ಕಾರದ ಕಿವಿಗೆ ಬೀಳಬಾರದ ತೊಡಕು ಹುಟ್ಟಿದಾಗಲೆಲ್ಲ ಜನ ಅವರಲ್ಲಿಗೆ ಬರುತ್ತಿದ್ದರು. ಓದುವುದು ನನ್ನ ಕೆಲಸ, ತಿಳಿಯುವುದು ಅವರದು.

ಮಾರ್ಜೊರಿ ಹೇಳಿದ ಸಂಗತಿಯ ಮೊದಲರ್ಧ ನಮಗೆ ಗೊತ್ತಿದ್ದದ್ದೇ. ಸಮುದ್ರದಾಚೆ ದೇಶಭ್ರಷ್ಟರಾಗಿರುವ ನಮ್ಮ ರಾಜವಂಶದ ಕುಮಾರ ನಲವತ್ತೈದರಲ್ಲಿ ಬಂದಿಳಿದು ಬಾವುಟ ಏರಿಸಿದಾಗ, ಬಾಲ್‌ಡೌರಿಯ ಹಿರಿಯರು, ಎಂದರೆ ಮಾರ್ಜೊರಿಯ ತಂದೆ, ಆ ಕಾಲದ ಅನೇಕ ಮನೆತನಗಳು ಮಾಡಿದ್ದನ್ನೇ ಮಾಡಿದರು. ಒಬ್ಬ ಮಗನನ್ನು ದಂಡಿಗೆ ಕಳಿಸಿದರು, ಇನ್ನೊಬ್ಬನನ್ನು ಮನೆಯಲ್ಲಿ ಉಳಿಸಿದರು. ಯಾರೇ ಗೆದ್ದರೂ ಮನೆಯ ಮೇಲೆ ಚಾವಣಿ ಉಳಿಯಬೇಕೆಂಬುದು ಅದರ ಲೆಕ್ಕಾಚಾರ. ಹಿರಿಯ ಮಗ ಲಾರೆನ್ಸ್ ಕತ್ತಿ ಹಿಡಿದು ಹೋದ. ಕಿರಿಯ ವಾಲ್ಟರ್ ತಂದೆಯ ಅಪ್ಪಣೆಯಂತೆ ಲಂಡನ್ನಿನ ದೊರೆಗೆ ನಿಷ್ಠೆಯ ಪ್ರಮಾಣ ಮಾಡಿದ. ಕಲೋಡನ್ ಬಯಲಿನಲ್ಲಿ ನಮ್ಮವರು ಸೋತರು. ಲಾರೆನ್ಸ್ ತನ್ನ ಸೋದರತ್ತೆಯ ಮಗ ಆರ್ಚಿಬಾಲ್ಡ್ ರಾಟ್ರೇ ಜೊತೆ ಫ್ರಾನ್ಸಿಗೆ ಪಾರಾದ. ವಾಲ್ಟರ್ ಮಾಡಿದ ಪ್ರಮಾಣದಿಂದ ಆಸ್ತಿ ಉಳಿಯಿತು.

ಐವತ್ತೆರಡರ ಸೆಪ್ಟೆಂಬರಿನಲ್ಲಿ ತಾಯಿ ಸಾಯುವ ಸ್ಥಿತಿಯಲ್ಲಿದ್ದಾಗ ಲಾರೆನ್ಸ್ ಗುಟ್ಟಾಗಿ ಬಂದ. ಮನೆಯ ಹಿಂದಿನ ಪಾರಿವಾಳದ ಗೋಪುರದಲ್ಲಿ ಅಡಗಿದ್ದು, ತಾಯಿಯ ಕಡೆಯ ದಿನಗಳಲ್ಲಿ ಮಂಚದ ಪಕ್ಕ ಕುಳಿತಿದ್ದ. ಅವಳು ಸತ್ತ ನಾಲ್ಕನೆಯ ಮುಂಜಾನೆ ಸಿಪಾಯಿಗಳು ಎಲ್ಲೂ ಹುಡುಕದೆ, ಯಾರನ್ನೂ ಕೇಳದೆ, ನೆಟ್ಟಗೆ ಗೋಪುರಕ್ಕೆ ನಡೆದರು. ಆ ಚಳಿಗಾಲದಲ್ಲೇ ಲಾರೆನ್ಸ್ ಎಡಿನ್‌ಬರೊ ಕೋಟೆಯ ಸೆರೆಯಲ್ಲಿ ತೀರಿಕೊಂಡ.

"ಹೋದ ತಿಂಗಳು ಫ್ರಾನ್ಸಿನಿಂದ ಒಂದು ಕಾಗದ ಬಂತು," ಎಂದಳು ಮಾರ್ಜೊರಿ. "ಲಾರೆನ್ಸ್ ಬರೋ ಸುದ್ದಿ ಆ ಕಡೆಯಿಂದಲೇ ಸೋರಿತೇನೋ ಅಂತ ಅಲ್ಲಿಯವರಿಗೆ ಗುಮಾನಿಯಂತೆ. ಅದು ಬಂದ ವಾರಕ್ಕೆ ವಾಲ್ಟರ್‌ನ ಹಳೇ ಕೋಟಿನ ಅಸ್ತರಿನೊಳಗೆ ಒಂದು ಚೀಟಿ ಸಿಕ್ತು. ಸಿಪಾಯಿಗಳ ಮುಖ್ಯಸ್ಥನಿಗೆ ಬರೆದ ಪತ್ರದ ಕರಡು. ಅಪ್ಪ ಅದನ್ನ ಯಾರಿಗೂ ತೋರಿಸ್ತಿಲ್ಲ. ಅಕ್ಷರ ಅವನದೇ ಅಂತ ಮಾತ್ರ ಹೇಳಿದ್ರು."

"ವಾಲ್ಟರ್ ಏನಂತಾನೆ?"

"ಏನೂ ಅನ್ನಲ್ಲ. 'ಎಂಟು ವರ್ಷದಿಂದ ನೀವು ಅಂದ್ಕೊಂಡಿದ್ದೇ ಈಗ ಕಾಗದದ ಮೇಲೆ ಬಂದಿದೆ ಬಿಡಿ' ಅಂದು ಹೊಲಕ್ಕೆ ಹೋದ. ಅಪ್ಪ ಆಸ್ತಿನೆಲ್ಲ ಆರ್ಚಿಬಾಲ್ಡ್ ಹೆಸರಿಗೆ ಬರೀತಾರಂತೆ. ಅವನು ಈ ಮಾರ್ಚಿನಲ್ಲಿ ಸರ್ಕಾರದ ಕ್ಷಮಾಪತ್ರ ತಗೊಂಡು ವಾಪಸ್ ಬಂದಿದ್ದಾನೆ."

"ನಾಡಿದ್ದೇ ಯಾಕೆ?"

"ನಾಡಿದ್ದು ಬಿಳಿ ಗುಲಾಬಿ ದಿನ ಅಲ್ವಾ, ಅಪ್ಪನ ಲೆಕ್ಕದಲ್ಲಿ?"

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಮುದ್ರದಾಚೆಯ ನಮ್ಮ ದೊರೆ ಹುಟ್ಟಿದ್ದು ಜೂನ್ ಹತ್ತರಂದು. ಅಂದು ಬಿಳಿ ಗುಲಾಬಿ ಮುಡಿದು ಆತನ ಹೆಸರಿನಲ್ಲಿ ಪಾನ ಮಾಡುವುದು ನಮ್ಮ ಮನೆಗಳ ವಾಡಿಕೆ. ಆದರೆ ಐವತ್ತೆರಡರಲ್ಲಿ ಲಂಡನ್ನಿನ ಸರ್ಕಾರ ಪಂಚಾಂಗವನ್ನೇ ಬದಲಿಸಿ, ಹನ್ನೊಂದು ದಿನಗಳನ್ನು ಹಾರಿಸಿಬಿಟ್ಟಿತು. ಬಾಲ್‌ಡೌರಿಯ ಹಿರಿಯರು ಜರ್ಮನ್ ದೊರೆಯ ಪಂಚಾಂಗ ತಮ್ಮ ಹೊಸಿಲು ದಾಟಕೂಡದೆಂದು ಹಳೆಯದರಲ್ಲೇ ಉಳಿದರು. ಹೀಗಾಗಿ ಊರಿಗೆಲ್ಲ ಜೂನ್ ಇಪ್ಪತ್ತೊಂದು ಆದಾಗ ಅವರಿಗೆ ಹತ್ತು. ಸಿಪಾಯಿಗಳು ಆಮೇಲಿನ ಎರಡು ವರ್ಷವೂ ಹೊಸ ಜೂನ್ ಹತ್ತರಂದು ಬಿಳಿ ಗುಲಾಬಿ ಹುಡುಕಿಕೊಂಡು ಬಂದು, ಹಿರಿಯರು ಎಲೆಕೋಸಿನ ಪಾತಿಯಲ್ಲಿ ಕಳೆ ಕೀಳುವುದನ್ನು ನೋಡಿ ಹಿಂತಿರುಗಿದ್ದರು.

ಮರುದಿನ ಮಧ್ಯಾಹ್ನ ನಾವು ಬಾಲ್‌ಡೌರಿ ತಲುಪಿದೆವು. ಜಮೀನಿನ ಮೇಲ್ವಿಚಾರಕ ನೀಲ್ ಡಫ್ ಬಾಗಿಲಲ್ಲೇ ಎದುರಾದ. ಲಾರೆನ್ಸ್ ಬಂದಾಗ ಕಡಲ ತೀರದಿಂದ ಗೋಪುರಕ್ಕೆ ಕರೆತಂದವನು ಇವನೇ.

"ಮೇಷ್ಟ್ರೂ ಬಂದ್ರಾ. ಕುದುರೆಗೆ ಪಾಪ, ಲ್ಯಾಟಿನ್ ಭಾರ ಬೇರೆ ಹೊರಬೇಕಾಯ್ತು," ಎಂದ.

"ಡಫ್, ಲಾರೆನ್ಸ್ ಬರೋ ಸುದ್ದಿ ಯಾರ್ಯಾರಿಗೆ ಗೊತ್ತಿತ್ತು?" ಎಂದು ಗ್ರಿಜೆಲ್ ಕುದುರೆಯಿಂದ ಇಳಿಯುವ ಮೊದಲೇ ಕೇಳಿದರು.

ಅವನ ನಗೆ ನಿಂತಿತು. "ಧಣಿಗೆ, ದೊಡ್ಡಮ್ಮಾವ್ರಿಗೆ, ವಾಲ್ಟರಪ್ಪನಿಗೆ, ಮಾರ್ಜೊರಿ ಅಮ್ಮನಿಗೆ, ನನಗೆ. ಅಡುಗೆಮನೇಲಿ ಎಲ್ಸ್‌ಪೆತ್‌ಗೆ. ಆ ಕಡೆ ಆರ್ಚಿಬಾಲ್ಡ್ ಸ್ವಾಮಿಗೆ. ಇಬ್ಬರೂ ಅಲ್ಲಿ ಒಂದೇ ಕೋಣೇಲಿ ಇದ್ರಲ್ಲ. ಮಾರ್ಜೊರಿ ಅಮ್ಮ ತಾಯಿಗೆ ಹುಷಾರಿಲ್ಲ ಅಂತ ಬರೆದ ಕಾಗದ ಇಬ್ಬರೂ ಓದಿದ್ರಂತೆ. ಸಿಪಾಯಿಗಳು ಬಂದ ದಿನದಿಂದ ಊರವರು ನನ್ನ ಕಡೆನೂ ಒಂದು ಥರ ನೋಡ್ತಾರೆ. ನೋಡಲಿ."

ಎಲ್ಸ್‌ಪೆತ್ ಆ ಮನೆಯಲ್ಲಿ ಮೂವತ್ತು ವರ್ಷ ಅಡುಗೆ ಮತ್ತು ಹೊಲಿಗೆ ನೋಡಿಕೊಂಡವಳು. ಓಟ್ಸ್ ರೊಟ್ಟಿ ತಿರುವಿ ಹಾಕುತ್ತಲೇ ಮಾತಾಡಿದಳು.

"ಕೋಟು ಹಿಂದಿನ ಓಣಿಯ ಗೂಟದಲ್ಲಿ ಎರಡು ವರ್ಷದಿಂದ ನೇತಾಡ್ತಿತ್ತು ತಾಯಿ. ಹರಿದು ಚೀಲ ಮಾಡು ಅಂತ ಆರ್ಚಿಬಾಲ್ಡಪ್ಪ ಅಂದ್ರು. ಅಸ್ತರು ಬಿಚ್ಚಿದೆ, ಚೀಟಿ ಬಿತ್ತು. ನನಗೆ ಓದಕ್ಕೆ ಬರಲ್ಲ, ಧಣಿಗೆ ಕೊಟ್ಟೆ. ಕೈ ಮುರೀಲಿ ನನ್ನದು."

"ಅಸ್ತರು ನೀನು ಹೊಲಿದಿದ್ದಾ?"

"ಸುತ್ತ ನಂದೇ. ಕೆಳಗಿನ ಒಂದು ಗೇಣು ಮಾತ್ರ ನಂದಲ್ಲ. ಮೇಣ ಹಚ್ಚಿದ ದಾರ, ಇಷ್ಟುದ್ದ ಇಷ್ಟುದ್ದ ಹೊಲಿಗೆ. ಗಂಡಸಿನ ಕೆಲಸ ಅದು."

"ನಿನಗೆ ಎಷ್ಟು ವಯಸ್ಸೀಗ, ಎಲ್ಸ್‌ಪೆತ್?"

"ಐವತ್ತೊಂಬತ್ತು. ಅಲ್ಲ, ಐವತ್ತೆಂಟು. ನಾನು ಹುಟ್ಟಿದ್ದು ಸೆಪ್ಟೆಂಬರ್ ಐದು. ಆ ವರ್ಷ ಎರಡನೇ ತಾರೀಖು ಮಲಗಿ ಏಳೋಷ್ಟರಲ್ಲಿ ಹದಿನಾಲ್ಕು ಆಗಿತ್ತಲ್ಲ, ಊರಿಗೆಲ್ಲ? ನನ್ನ ಹುಟ್ಟಿದ ದಿನ ಬರಲೇ ಇಲ್ಲ. ಬರದ ವರ್ಷನ ನಾನ್ಯಾಕೆ ಎಣಿಸಲಿ?"

ಗ್ರಿಜೆಲ್ ನಕ್ಕರು. ನಾನು ಬಿಸಿ ರೊಟ್ಟಿಯನ್ನೇ ನೋಡುತ್ತಿದ್ದೆ.

ಬಾಲ್‌ಡೌರಿಯ ಹಿರಿಯರು, ಹ್ಯೂ ಗಥ್ರಿ, ಎಪ್ಪತ್ತನಾಲ್ಕರ ನೀಳ ಮನುಷ್ಯ; ನಮ್ಮ ಕಡೆಯ ವಾಡಿಕೆಯಂತೆ ಸರೀಕರು ಅವರನ್ನು ಜಮೀನಿನ ಹೆಸರಿನಿಂದ ಬಾಲ್‌ಡೌರಿ ಎಂದೇ ಕರೆಯುತ್ತಿದ್ದರು. ಗ್ರಿಜೆಲ್ ವರಸೆಯಲ್ಲಿ ಅವರ ಹೆಂಡತಿಗೆ ತಂಗಿಯಾಗಿರದಿದ್ದರೆ ಆ ಚೀಟಿ ಪೆಟ್ಟಿಗೆಯಿಂದ ಹೊರಬರುತ್ತಿರಲಿಲ್ಲ. ಆರ್ಚಿಬಾಲ್ಡ್ ಕಿಟಕಿಯ ಬಳಿ ನಿಂತಿದ್ದ. ನಲವತ್ತರ ಆಸುಪಾಸಿನ ನಗುಮೊಗದವನು, ಸಿಪಾಯಿಯಂತೆ ನೆಟ್ಟಗಿನ ಬೆನ್ನು. ನಾನು ಚೀಟಿಯನ್ನು ಗಟ್ಟಿಯಾಗಿ ಓದಿದೆ:

"ಗುರುವಾರ, ಸೆಪ್ಟೆಂಬರ್ ಏಳು, ಐವತ್ತೆರಡು. ಮಹಾಸ್ವಾಮಿ, ತಾವು ಹುಡುಕುವ ಲಾರೆನ್ಸ್ ಗಥ್ರಿ ಬಾಲ್‌ಡೌರಿಯ ಪಾರಿವಾಳದ ಗೋಪುರದಲ್ಲಿ ಸಿಗುತ್ತಾನೆ. ತಾಯಿಯ ಉಸಿರಿರುವವರೆಗೆ ಅಲ್ಲಿಂದ ಕದಲುವುದಿಲ್ಲ. ನನ್ನ ಹೆಸರು ಹೊರಬೀಳದಂತೆ ನೋಡಿಕೊಳ್ಳಬೇಕು."

ಅಕ್ಷರ ವಾಲ್ಟರ್‌ನದೇ ಎನ್ನುವಷ್ಟು ಹೋಲುತ್ತಿತ್ತು. ಆದರೆ ತಾರೀಖಿನ ಮೇಲೆ ನನ್ನ ಕಣ್ಣು ನಿಂತಿತು. ಎಲ್ಸ್‌ಪೆತ್ ಅಂದದ್ದು ಆಗ ನೆನಪಾಯಿತು.

"ಸ್ವಾಮಿ, ಇದು ಸುಳ್ಳು ಕಾಗದ," ಎಂದೆ, ಪಾಠ ಹೇಳುವ ದನಿಯಲ್ಲಿ. "ಆ ವರ್ಷ ಎರಡಾದ ಮೇಲೆ ಹದಿನಾಲ್ಕು ಬಂತು. ಸೆಪ್ಟೆಂಬರ್ ಏಳು ಎನ್ನುವ ದಿನವೇ ಇರಲಿಲ್ಲ."

ಹಿರಿಯರು ನನ್ನ ಕಡೆ ತಿರುಗಿದರು. "ಇರಲಿಲ್ಲ ಯಾರಿಗೆ? ಲಂಡನ್ನಿಗೆ ಇರಲಿಲ್ಲ, ಮೇಷ್ಟ್ರೇ. ಈ ಮನೇಲಿ ಇತ್ತು. ನನ್ನ ಮಕ್ಕಳು ಈ ಮನೇಲಿ ಕೂತು ಏನು ಬರೆದರೂ ನನ್ನ ಪಂಚಾಂಗದಲ್ಲೇ ಬರೀಬೇಕು. ಬೇರೆಯದು ಬರೆದವನಿಗೆ ನನ್ನ ಮೇಜಲ್ಲಿ ಊಟ ಇಲ್ಲ. ನನ್ನ ಏಳನೇ ತಾರೀಖು ಲಾರೆನ್ಸ್ ಇಲ್ಲೇ ಇದ್ದ, ಅವಳ ಮಂಚದ ಪಕ್ಕ. ಆ ಚೀಟಿ ಬರೆದವನು ಈ ಮನೆಯವನೇ ಅನ್ನೋಕೆ ಆ ತಾರೀಖೇ ಸಾಕ್ಷಿ."

ನಾನು ಕುಳಿತುಕೊಂಡೆ. ಬಿಡಿಸಲು ಹೋದ ಗಂಟನ್ನು ವಾಲ್ಟರ್‌ನ ಕುತ್ತಿಗೆಗೆ ಇನ್ನಷ್ಟು ಬಿಗಿದಿದ್ದೆ.

"ಮೇಷ್ಟ್ರನ್ನ ಬೈಬೇಡಿ ಮಾವ," ಎಂದ ಆರ್ಚಿಬಾಲ್ಡ್ ಸೌಮ್ಯವಾಗಿ. "ವಾಲ್ಟರ್‌ಗೆ ಒಳ್ಳೇದಾಗಲಿ ಅಂತ ತಾನೇ ಹೇಳಿದ್ದು. ನಾನು ಆಗಲೂ ಹೇಳಿದೆ, ಆ ಚೀಟಿನ ಸುಟ್ಟುಹಾಕಿ ಅಂತ."

ಹೊರಗೆ ಅಂಗಳದಲ್ಲಿ ಅವನು ಗ್ರಿಜೆಲ್ ಅವರಿಗೆ ತನ್ನ ಬೆಳ್ಳಿಯ ಡಬ್ಬಿಯಿಂದ ಫ್ರೆಂಚ್ ನಶ್ಯ ಕೊಟ್ಟ. ಅವರು ಒಂದು ಚಿಟಿಕೆ ಸೇದಿ, "ಮೃದು. ನಮ್ಮದು ತಲೆ ಒಡೆಯೋ ಹಾಗಿರತ್ತೆ," ಎಂದರು. "ಲಾರೆನ್ಸ್‌ನ ಆ ಕಡೆ ಕೊನೆಗೆ ನೋಡಿದ್ದು ನೀನೇ ಅಲ್ವಾ?"

"ನಾನೇ ಚಿಕ್ಕಮ್ಮ. ಬೂಲೋನ್ ಬಂದರಿನ ಕಟ್ಟೆವರೆಗೂ ಹೋಗಿದ್ದೆ. ಗುರುವಾರ, ಮೀನಿನ ಸಂತೆ. ಆ ನಾತಕ್ಕೆ ಮೂಗು ಮುಚ್ಕೊಂಡು, 'ಇದಕ್ಕಿಂತ ನಮ್ಮ ಪಾರಿವಾಳದ ಗೋಪುರ ವಾಸಿ ಕಣೋ' ಅಂದ."

"ತಿಂಗಳು ಸೆಪ್ಟೆಂಬರಾ?"

"ಸೆಪ್ಟೆಂಬರೇ. ಮೊದಲನೇ ವಾರ. ದೋಣಿ ಕಣ್ಮರೆ ಆಗೋವರೆಗೆ ನಿಂತಿದ್ದೆ."

"ನಿನ್ನ ಕ್ಷಮಾಪತ್ರ ಯಾವಾಗ ಸಿಕ್ತಪ್ಪ?"

ಅವನು ಎದೆಯ ಜೇಬನ್ನು ತಟ್ಟಿಕೊಂಡ. "ಈ ಫೆಬ್ರವರೀಲಿ. ಸಿಕ್ಕ ವಾರಕ್ಕೇ ಹಡಗು ಹತ್ತಿದೆ. ಜರ್ಮನ್ ದೊರೆಯ ಮೊಹರು ಎದೆ ಮೇಲೆ, ನಮ್ಮ ದೊರೆ ಎದೆ ಒಳಗೆ. ಏನು ಮಾಡೋದು."

"ಮಾವನಿಗೆ ತೋರಿಸಿದ್ಯಾ?"

"ಆ ಮೊಹರು ನೋಡಿದ್ರೆ ಅವರು ಕೈ ತೊಳ್ಕೋತಾರೆ ಚಿಕ್ಕಮ್ಮ. ಯಾಕೆ ಸುಮ್ಮನೆ."

ಅಲ್ಲಿಂದ ಗ್ರಿಜೆಲ್ ನನ್ನನ್ನು ಮನೆಯ ಪಕ್ಕದ ಸಮಾಧಿಗಳ ಬಳಿಗೆ ಕರೆದೊಯ್ದರು. ಅಕ್ಕನಿಗೆ ಹೂವಿಡಲೆಂದು ನಾನು ತಿಳಿದೆ. ಹೂವನ್ನೂ ಇಟ್ಟರು. ಆಮೇಲೆ ಕಲ್ಲಿನ ಬರಹವನ್ನು ಓದಿ ಎಂದರು. ಹಿರಿಯರು ತಮ್ಮ ಪಂಚಾಂಗದ ಪ್ರಕಾರ ಕೆತ್ತಿಸಿದ್ದ ಬರಹ ಅದು: ಹೆಸರು, ಮನೆತನ, "ಬುಧವಾರ, ಸೆಪ್ಟೆಂಬರ್ ಒಂಬತ್ತು, ಐವತ್ತೆರಡರಂದು ಬೆಳಗಿನ ಜಾವ ತೀರಿಕೊಂಡಳು."

"ಇನ್ನೊಂದು ಸಲ," ಎಂದರು. ಓದಿದೆ.

ಬೇಲಿಯಾಚೆ ವಾಲ್ಟರ್ ಹುಲ್ಲು ಕೊಯ್ಯುವವರ ನಡುವೆ ತಾನೂ ಕುಡುಗೋಲು ಹಿಡಿದಿದ್ದ. ಗ್ರಿಜೆಲ್ ಕರೆದರು. ಮೂವತ್ತರ ಆ ಗಂಡಸು ಬೆವರು ಒರೆಸಿಕೊಳ್ಳುತ್ತ ಬಂದ.

"ನೀನು ಬರೆದ್ಯಾ ಅದನ್ನ?"

"ಇಲ್ಲ."

"ಹಾಗಂತ ಅಪ್ಪನಿಗೆ ಯಾಕೆ ಹೇಳ್ಲಿಲ್ಲ?"

"ಅವರು ನನ್ನ ಕೇಳ್ಲಿಲ್ಲ ಚಿಕ್ಕಮ್ಮ. ಹೇಳಿದ್ರು, ಅಷ್ಟೆ." ಅವನು ಕುಡುಗೋಲಿನ ಅಂಚನ್ನು ಹೆಬ್ಬೆರಳಿನಿಂದ ನೋಡಿದ. "ಪ್ರಮಾಣ ಮಾಡು ಅಂದ್ರು, ಮಾಡಿದೆ. ಅವತ್ತಿಂದ ಅವರ ಮೇಜಲ್ಲಿ ನನ್ನ ಮುಂದೆ ನೀರಿನ ಬಟ್ಟಲು ಇಡಲ್ಲ. ಅವರೆಲ್ಲ ಕುಡಿಯೋವಾಗ ನಾನು ಎದ್ದು ಹೋಗ್ತೀನಿ. ನಾಳೆನೂ ಹೋಗ್ತೀನಿ. ವಾಪಸ್ ಬರಲ್ಲ, ಅಷ್ಟೇ ವ್ಯತ್ಯಾಸ."

ಮರುದಿನ ಮೂರು ಗಂಟೆಗೆ ಬಾಲ್‌ಡೌರಿಯ ದೊಡ್ಡ ಕೋಣೆಯಲ್ಲಿ ಐದು ಮನೆತನಗಳ ಹಿರಿಯರು ಬಿಳಿ ಗುಲಾಬಿ ಮುಡಿದು ಕುಳಿತರು. ಪ್ರತಿಯೊಬ್ಬರ ಮುಂದೆಯೂ ಕೆಂಪು ಮದ್ಯದ ಲೋಟ, ಅದರ ಪಕ್ಕ ನೀರಿನ ಬಟ್ಟಲು. ದೊರೆ ಸಮುದ್ರದಾಚೆ ಇರುವುದರಿಂದ ಲೋಟವನ್ನು ನೀರಿನ ಮೇಲಿಂದ ದಾಟಿಸಿ ಕುಡಿಯುತ್ತೇವೆ; ಯಾರ ಹೆಸರನ್ನೂ ಬಾಯಲ್ಲಿ ಹೇಳಬೇಕಾಗಿಲ್ಲ. ವಾಲ್ಟರ್‌ನ ಮುಂದೆ ಲೋಟವಿತ್ತು, ಬಟ್ಟಲಿರಲಿಲ್ಲ. ಹಿರಿಯರು ಏಳುವ ಮೊದಲೇ ಗ್ರಿಜೆಲ್ ಎದ್ದರು.

"ಬಾಲ್‌ಡೌರಿ, ನಿಮ್ಮ ತೀರ್ಪು ಆಮೇಲೆ ಕೊಡಿ. ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಬೇಕು. ಡಫ್‌ನೂ ಎಲ್ಸ್‌ಪೆತ್‌ನೂ ಒಳಗೆ ಕರೀರಿ."

ಹಿರಿಯರು ಕೈಯಾಡಿಸಿ ಒಪ್ಪಿದರು.

"ಡಫ್, ಐವತ್ತೆರಡನೇ ಇಸವಿ ಸೆಪ್ಟೆಂಬರ್ ಏಳು ನೀನು ಎಲ್ಲಿದ್ದೆ?"

"ಎಲ್ಲೂ ಇರಲಿಲ್ಲ ತಾಯಿ. ನಾನು ಸಂತೆ ಪೇಟೆ ಓಡಾಡೋನು, ಹೊಸ ಪಂಚಾಂಗ. ಆ ತಾರೀಖು ನನ್ನ ಜನ್ಮದಲ್ಲೇ ಬಂದಿಲ್ಲ."

"ಎಲ್ಸ್‌ಪೆತ್?"

"ನನ್ನ ಹುಟ್ಟುಹಬ್ಬದ ಜೊತೆಗೇ ಕಳೆದುಹೋಯ್ತು ತಾಯಿ, ಎರಡು ದಿನ ಆಚೀಚೆ."

ಮೇಜಿನ ಸುತ್ತ ಸಣ್ಣ ನಗೆ ಹರಿಯಿತು.

"ಬಾಲ್‌ಡೌರಿ, ನಿಮ್ಮ ಪಂಚಾಂಗದಲ್ಲಿ ಆ ದಿನ ಇತ್ತು. ಯಾವ ವಾರ?"

"ವಾರ ಯಾರಿಗೆ ನೆನಪಿರತ್ತೆ ಗ್ರಿಜೆಲ್. ಅವಳು ಸಾಯೋದಕ್ಕೆ ಎರಡು ದಿನ ಮುಂಚೆ."

"ನನ್ನ ಅಕ್ಕ ಸತ್ತದ್ದು ಯಾವ ವಾರ?"

"ಬುಧವಾರ. ಒಂಬತ್ತನೇ ತಾರೀಖು. ಕಲ್ಲಿನ ಮೇಲೆ ನಾನೇ..." ಅವರು ಅಲ್ಲಿಗೇ ನಿಲ್ಲಿಸಿದರು. ತುಟಿಗಳು ಮಾತ್ರ ಅಲುಗಿದವು, ಎಣಿಸುತ್ತಿದ್ದರು. "ಒಂಬತ್ತು ಬುಧವಾರ. ಎಂಟು ಮಂಗಳವಾರ. ಏಳು..."

"ಸೋಮವಾರ," ಎಂದರು ಗ್ರಿಜೆಲ್. "ಮೇಷ್ಟ್ರೇ, ಚೀಟಿಯ ಮೊದಲನೇ ಪದ ಓದಿ."

"ಗುರುವಾರ," ಎಂದು ಓದಿದೆ. ಇಪ್ಪತ್ತೆರಡು ವರ್ಷ ಪಾಠ ಹೇಳಿದವನು ಕಣ್ಣೆದುರಿನ ಮೊದಲನೆಯ ಪದವನ್ನೇ ಬಿಟ್ಟು ಎರಡನೆಯದಕ್ಕೆ ಹಾರಿದ್ದೆ.

ಗ್ರಿಜೆಲ್ ನಿಧಾನವಾಗಿ ವಿವರಿಸಿದರು. "ಮೇಷ್ಟ್ರು ಹೇಳಿದ್ದು ಅರ್ಧ ಸರಿ. ಹೊಸ ಪಂಚಾಂಗದವನು ಇದನ್ನ ಬರೆದಿರಕ್ಕೆ ಸಾಧ್ಯ ಇಲ್ಲ, ಅವನಿಗೆ ಆ ದಿನವೇ ಇರಲಿಲ್ಲ. ಬಾಲ್‌ಡೌರಿ ಹೇಳಿದ್ದೂ ಅರ್ಧ ಸರಿ. ಈ ಮನೇಲಿ ಆ ದಿನ ಇತ್ತು. ಆದರೆ ಅದು ಸೋಮವಾರ. ಅವತ್ತು ಈ ಮನೇಲಿ ಕೂತು ಬರೆದವನು ಗುರುವಾರ ಅಂತ ಬರೆಯಲ್ಲ. ಹಾಗಾದ್ರೆ ಸೆಪ್ಟೆಂಬರ್ ಏಳು ಇದ್ದು, ಅದು ಗುರುವಾರವೂ ಆಗಿದ್ದ ಊರು ಎಲ್ಲಿದೆ? ಸಮುದ್ರದಾಚೆ ಇದೆ. ಫ್ರಾನ್ಸಿನವರು ಈ ಹೊಸ ಲೆಕ್ಕಕ್ಕೆ ನಮಗಿಂತ ನೂರೆಪ್ಪತ್ತು ವರ್ಷ ಮುಂಚೆಯೇ ಹೋದವರು. ನಮ್ಮಲ್ಲಿ ಹದಿನಾಲ್ಕು ಗುರುವಾರ ಬಂತು. ಅದಕ್ಕೆ ಒಂದು ವಾರ ಹಿಂದೆ ಅವರಿಗೆ ಏಳು, ಗುರುವಾರ. ಮೀನಿನ ಸಂತೆಯ ದಿನ."

ಯಾರೂ ಆರ್ಚಿಬಾಲ್ಡ್‌ನ ಹೆಸರೆತ್ತಲಿಲ್ಲ. ಎಲ್ಲರ ಮುಖವೂ ಒಂದೇ ಕಡೆ ತಿರುಗಿತು.

"ಈ ಕೋಣೇಲಿ ಇರೋರಲ್ಲಿ ಆ ತಿಂಗಳು ಸಮುದ್ರದಾಚೆ ಇದ್ದವನು ಒಬ್ಬನೇ," ಎಂದರು ಗ್ರಿಜೆಲ್. "ದೂರ ಇದ್ದ, ಅದಕ್ಕೇ ನಾವು ಅವನನ್ನ ಬಿಟ್ಟು ಉಳಿದವರನ್ನೆಲ್ಲ ನೋಡಿದ್ವಿ. ದೂರ ಇದ್ದದ್ದೇ ಅವನನ್ನ ತೋರಿಸಿತು."

"ಚಿಕ್ಕಮ್ಮ, ಹನ್ನೊಂದು ದಿನ ಹೋದದ್ದು ಅಲ್ಲೂ ಎಲ್ಲರಿಗೂ ಗೊತ್ತಿತ್ತು," ಎಂದ ಆರ್ಚಿಬಾಲ್ಡ್. ನಗೆ ಇನ್ನೂ ಮುಖದಲ್ಲಿತ್ತು. "ನಾನೇ ಬರೆದಿದ್ರೆ ಅಂಥ ತಪ್ಪು ಮಾಡ್ತಿದ್ನಾ?"

"ಹನ್ನೊಂದು ದಿನ ಹೋಯ್ತು ಅಂತ ನಿನಗೆ ಗೊತ್ತು. ಯಾವ ಹನ್ನೊಂದು ಅಂತ ಗೊತ್ತಿಲ್ಲ. ಅದು ಕಳಕೊಂಡವರಿಗೆ ಮಾತ್ರ ನೆನಪಿರತ್ತೆ. ಎಲ್ಸ್‌ಪೆತ್‌ನ ಕೇಳು." ಗ್ರಿಜೆಲ್ ಚೀಟಿಯತ್ತ ಬೆರಳು ತೋರಿಸಿದರು. "ಆ ಕೋಟನ್ನ ಹರಿ ಅಂದವನೂ ನೀನೇ. ಮೇಣದ ದಾರದಲ್ಲಿ ಹೊಲಿಯೋದು ದಂಡಿನವರ ಅಭ್ಯಾಸ. ಸೋರಿದ್ದು ಫ್ರಾನ್ಸಿನಿಂದ ಅಂತ ಕಾಗದ ಬಂದ ವಾರದಲ್ಲೇ ಆ ಚೀಟಿ ಹುಟ್ಟಿತು. ಇಷ್ಟರಿಂದ ನೀನು ಸುಳ್ಳು ಚೀಟಿ ಮಾಡಿದೆ ಅಂತ ಮಾತ್ರ ಆಯ್ತು. ಲಾರೆನ್ಸ್‌ನ ಮಾರಿದ್ದು ಯಾರು ಅನ್ನೋದು ಬೇರೆ ಪ್ರಶ್ನೆ."

"ಅದನ್ನೂ ಹೇಳು ಗ್ರಿಜೆಲ್," ಎಂದರು ಹಿರಿಯರು.

"ಸುಳ್ಳು ತಾರೀಖು ಹಾಕೋನು ಯಾವುದಾದರೂ ಹಾಕಬಹುದಿತ್ತು. ಇವನು ಏಳನ್ನೇ ಯಾಕೆ ಹಾಕಿದ? ಮೊದಲನೇ ವಾರದ ಗುರುವಾರ ಲಾರೆನ್ಸ್ ದೋಣಿ ಹತ್ತಿದ, ನಾನು ಕಟ್ಟೆ ಮೇಲಿದ್ದೆ ಅಂತ ನಿನ್ನೆ ಇವನೇ ಹೇಳಿದ. ಅಲ್ಲಿಂದ ವಾಪಸ್ ಹೋಗಿ ಒಂದು ಕಾಗದ ಬರೆದಿದ್ದಾನೆ. ಎರಡು ವರ್ಷದ ಮೇಲೆ ಅದರ ನಕಲು ಇನ್ನೊಬ್ಬನ ಅಕ್ಷರದಲ್ಲಿ ಮಾಡೋಕೆ ಕೂತಾಗ ಕೈ ತಾನಾಗೇ ಆ ದಿನವನ್ನೇ ಬರೀತು. ಇದು ನನ್ನ ಊಹೆ. ಊಹೆ ಸುಳ್ಳಾದ್ರೆ ಅದನ್ನ ತೋರಿಸೋ ಕಾಗದ ಇವನ ಎದೆಯ ಜೇಬಲ್ಲೇ ಇದೆ. ಈ ಫೆಬ್ರವರೀಲಿ ಸಿಕ್ಕ ಕ್ಷಮಾಪತ್ರ ಅಂದ. ಅದನ್ನ ಮೇಜಿನ ಮೇಲಿಡು, ಆರ್ಚಿಬಾಲ್ಡ್."

ಅವನ ಕೈ ಎದೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಕೊನೆಗೆ, ಬಹಳ ದೂರ ನಡೆದು ದಣಿದವನು ಹೊರೆಯಿಳಿಸುವಂತೆ, ಕಾಗದವನ್ನು ನನ್ನ ಮುಂದೆ ಇಟ್ಟ.

"ಓದಿ ಮೇಷ್ಟ್ರೇ. ನಿಮ್ಮ ಧ್ವನಿ ಚೆನ್ನಾಗಿದೆ."

ಕ್ಷಮಾಪತ್ರದ ತಾರೀಖು ಐವತ್ತೆರಡರ ಡಿಸೆಂಬರ್ ಹದಿನಾಲ್ಕು. ಲಾರೆನ್ಸ್ ಸಿಕ್ಕ ಮೂರು ತಿಂಗಳೊಳಗೆ. ಕಾರಣದ ಜಾಗದಲ್ಲಿ "ನಮಗೆ ಸಲ್ಲಿಸಿದ ಸೇವೆಗಾಗಿ" ಎಂದಷ್ಟೇ ಇತ್ತು.

"ಸಿಕ್ಕ ಕೂಡಲೇ ಬಂದಿದ್ರೆ ಎಲ್ಲರಿಗೂ ಗೊತ್ತಾಗ್ತಿತ್ತು," ಎಂದರು ಗ್ರಿಜೆಲ್. "ಅದಕ್ಕೆ ಒಂದು ವರ್ಷದ ಮೇಲೆ ಕಾದ."

ಆರ್ಚಿಬಾಲ್ಡ್ ಹಿರಿಯರ ಕಡೆಗೆ ಮಾತ್ರ ನೋಡಿದ. "ನೀವೆಲ್ಲ ಇಲ್ಲಿ ನೀರಿನ ಮೇಲೆ ಲೋಟ ದಾಟಿಸ್ತೀರಿ, ಮಾವ. ನಾನು ಆ ದಡದಲ್ಲಿದ್ದೆ. ಆರು ವರ್ಷ ಒಂದೇ ಕೋಣೆ, ಒಂದೇ ನಾತ. ಲಾರೆನ್ಸ್‌ಗೆ ಮನೆಯಿಂದ ಕಾಗದ ಬರ್ತಿತ್ತು. ನನಗೆ ಬರ್ತಿರಲಿಲ್ಲ. ಮನೆಗೆ ಬರಬೇಕಿತ್ತು, ಅಷ್ಟೆ."

ಹಿರಿಯರು ಕೈ ಚಾಚಿ ಅವನ ಮುಂದಿದ್ದ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು. ಅವನಿಗೆ ಅರ್ಥವಾಯಿತು. ಕ್ಷಮಾಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಟ. ಯಾರೂ ತಡೆಯಲಿಲ್ಲ. ಅವನನ್ನು ಒಪ್ಪಿಸಲು ನಮಗೆ ನ್ಯಾಯಾಲಯವೇ ಇರಲಿಲ್ಲ. ಕಾನೂನಿನ ಕಣ್ಣಿನಲ್ಲಿ ಆ ಕೋಣೆಯಲ್ಲಿ ನಿರಪರಾಧಿಗಳು ಇಬ್ಬರೇ, ಪ್ರಮಾಣ ಮಾಡಿದ ವಾಲ್ಟರ್ ಮತ್ತು ಅವನು. ಕುದುರೆಯ ಸದ್ದು ಅಂಗಳ ದಾಟಿ ಹೋಯಿತು. ಅವನು ಮತ್ತೆ ಫ್ರಾನ್ಸಿಗೇ ಹೋದನೆಂದು ಮುಂದೆ ಕೇಳಿದೆ. ಇದ್ದರೂ ಇರಬಹುದು; ಊರಿನಲ್ಲಂತೂ ಯಾವ ಬಾಗಿಲೂ ಅವನಿಗೆ ತೆರೆಯಲಿಲ್ಲ.

ವಾಲ್ಟರ್ ಎದ್ದ. "ನೀವು ಕುಡಿಯೋ ಹೊತ್ತು. ನಾನು ಹೊರಗಿರ್ತೀನಿ," ಎಂದ, ಎಂಟು ವರ್ಷಗಳಿಂದ ಹೇಳುತ್ತಿದ್ದ ದನಿಯಲ್ಲೇ.

"ಕೂತ್ಕೊ," ಎಂದರು ಹಿರಿಯರು.

"ನಾನು ಪ್ರಮಾಣ ಮಾಡಿದವನು, ಅಪ್ಪ."

"ಮಾಡಿಸಿದವನು ನಾನು." ಅವರು ಊರುಗೋಲನ್ನು ಬಿಟ್ಟು, ಆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಸುತ್ತ ನಡೆದು ಬಂದರು. ದಾರಿಯುದ್ದಕ್ಕೂ ನೀರು ತುಳುಕಿತು. ಅದನ್ನು ಮಗನ ಮುಂದೆ ಇಟ್ಟಾಗ ಬಟ್ಟಲಿನಲ್ಲಿ ಉಳಿದದ್ದು ಅರ್ಧ. "ಇಬ್ಬರನ್ನೂ ಕಳಿಸಿದವನು ನಾನೇ. ಒಬ್ಬನನ್ನ ಸಾಯೋಕೆ, ಒಬ್ಬನನ್ನ ಬೈಸ್ಕೊಳ್ಳೋಕೆ. ಆಮೇಲೆ ಬೈದವನೂ ನಾನೇ."

ವಾಲ್ಟರ್ ಲೋಟವನ್ನೆತ್ತಿ ನೀರಿನ ಮೇಲಿಂದ ದಾಟಿಸಿದ. ಅವನ ಪ್ರಮಾಣ ಮುರಿಯಿತೆಂದು ಐದು ಮನೆತನದವರೂ ಉಸಿರು ಹಿಡಿದರು. ಆದರೆ ಅವನು, ಆ ಮೇಜಿನಲ್ಲಿ ಎಂದೂ ಯಾರೂ ಮಾಡದಂತೆ, ಒಂದು ಹೆಸರನ್ನು ಬಾಯಿಬಿಟ್ಟು ಹೇಳಿದ.

"ಲಾರೆನ್ಸ್‌ಗೆ."

ಎಲ್ಲರೂ ಎದ್ದು ನಿಂತರು. ಅಂದು ಬಾಲ್‌ಡೌರಿಯಲ್ಲಿ ಕುಡಿದ ಪಾನ ಅದೊಂದೇ. ದೊರೆಯ ಸರದಿ ಬರಲಿಲ್ಲ, ಬರಲಿಲ್ಲವೆಂದು ಯಾರೂ ನೆನಪಿಸಲೂ ಇಲ್ಲ.